ಬೀಗಿತ್ತಿಯ ಬೋಣಿ

ನಮ್ಮ ಬೀಗಿತ್ತಿ ಮೊದಲ ಸಲ ಮುಂಬಯಿಗೆ ಬಂದಾಗ ವಿಮಾನ ನಿಲ್ದಾಣದಿಂದ ಎಲ್ಲರಿಗಿಂತ ಕೊನೆಗೆ ಹೊರಬಂದರು. ನಾನೂ ನಮ್ಮ ಯಜಮಾನರೂ ಸೇವಂತಿಗೆ ಹಾರ ಹಿಡಿದು ಕಂಬಿಗೆ ಒರಗಿ ನಿಂತೇ ಇದ್ದೆವು. ಅದೇ ವಿಮಾನದಲ್ಲಿ ಬಂದವರೆಲ್ಲ ಟ್ಯಾಕ್ಸಿ ಹಿಡಿದು ಹೊರಟುಹೋದರು, ಹಾರ ಬಾಡತೊಡಗಿತು, ಇವರ ಪತ್ತೆಯೇ ಇಲ್ಲ. ಕಡೆಗೆ ಒಂದು ಕೈಯಲ್ಲಿ ಪೆಟ್ಟಿಗೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಫೋನನ್ನು ಶಾಲೆಯಲ್ಲಿ ಗೆದ್ದ ಬಹುಮಾನದಂತೆ ಎತ್ತಿ ಹಿಡಿದುಕೊಂಡು ಬಂದರು. ನಾವು ನಮಸ್ಕಾರ ಅನ್ನುವ ಮೊದಲೇ ಅವರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದ ಮಾತು: "ಇನ್ನು ನಾನು ನಿಮಗೆ ಹೊರೆಯಲ್ಲ."

ಆದದ್ದಿಷ್ಟು. ಒಳಗಿನ ಒಂದು ಕೌಂಟರಿನಲ್ಲಿ ವಿದೇಶಿ ಪ್ರವಾಸಿಗಳಿಗೆಂದೇ ಹಣ ಕೊಡುವ ಆ್ಯಪ್ ಹಾಕಿಕೊಡುತ್ತಾರಂತೆ. ಪಾಸ್‌ಪೋರ್ಟು, ವೀಸಾ ತೋರಿಸಿ, ಮುಖದ ಫೋಟೋ ತೆಗೆಸಿಕೊಂಡು, ತಮ್ಮ ದೇಶದ ದುಡ್ಡನ್ನು ರೂಪಾಯಿ ಮಾಡಿಸಿ ಅದರೊಳಗೆ ತುಂಬಿಸಿಕೊಂಡರೆ ಮುಗಿಯಿತು. ಎಳನೀರಿನವನಿಂದ ಹಿಡಿದು ಮಾಲಿನವರೆಗೆ ಎಲ್ಲಿ ಬೇಕಾದರೂ ಕ್ಯೂಆರ್ ಕೋಡಿನ ಚೌಕುಳಿ ಚಿತ್ರಕ್ಕೆ ಫೋನು ಹಿಡಿದು ಹಣ ಕೊಡಬಹುದು. ಅದನ್ನು ಮಾಡಿಸಿಕೊಳ್ಳಲೆಂದೇ ಅವರು ನಮ್ಮನ್ನು ಹೊರಗೆ ಒಣಗಿಸಿದ್ದು.

ಆ ಆ್ಯಪಿಗೆ ಒಂದು ವಿಚಿತ್ರ ಗುಣವಿತ್ತು. ಅಂಗಡಿಗೆ ದುಡ್ಡು ಹೋಗುತ್ತದೆ, ಮನುಷ್ಯರಿಗೆ ಹೋಗುವುದಿಲ್ಲ. ಇದು ಗೊತ್ತಾದದ್ದು ಮನೆ ಮುಂದೆ ಟ್ಯಾಕ್ಸಿ ನಿಂತಾಗ. ಟ್ಯಾಕ್ಸಿಯವನು ತನ್ನ ಸ್ವಂತ ಖಾತೆಯ ಚಿತ್ರವನ್ನು ತೋರಿಸಿದ, ಬೀಗಿತ್ತಿ ಸ್ಕ್ಯಾನ್ ಮಾಡಿದರು, ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಇವರು ವ್ಯಾಪಾರಿಯಲ್ಲ, ಇವರಿಗೆ ಕೊಡಲಾಗದು ಎಂದು ಅದರ ಸಾರಾಂಶ. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದುವಷ್ಟರಲ್ಲಿ ನಾನು ನೋಟು ಕೊಟ್ಟು ಟ್ಯಾಕ್ಸಿಯವನನ್ನು ಕಳಿಸಿಬಿಟ್ಟಿದ್ದೆ. ಒಳಗೊಳಗೇ ಖುಷಿಯಾಯಿತು. ಇವರು ಇಷ್ಟಪಟ್ಟರೂ ನನ್ನ ಕೈಗೆ ದುಡ್ಡು ಕೊಡಲಾರರು, ನಾನೇನು ಅಂಗಡಿಯೇ? ಯಾರೋ ಪುಣ್ಯಾತ್ಮರು ನಮ್ಮ ಕಡೆಯ ಪದ್ಧತಿ ತಿಳಿದೇ ಆ ಆ್ಯಪ್ ಮಾಡಿರಬೇಕು ಅಂದುಕೊಂಡೆ.

ಬೀಗಿತ್ತಿ ಎಂದರೆ ನನ್ನ ಅಳಿಯನ ತಾಯಿ, ಫಿನ್‌ಲ್ಯಾಂಡಿನವರು. ಅಳಿಯ ಪರೇಲಿನ ಒಂದು ಆಫೀಸಿಗೆ ಕೆಲಸಕ್ಕೆಂದು ಬಂದವನು, ಅಲ್ಲೇ ಇದ್ದ ನನ್ನ ಮಗಳನ್ನು ಕಂಡು ಇಲ್ಲೇ ನಿಂತ. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡು ಸಹಿಗೆ ಮುಗಿಯಿತು. ಬೀಗಿತ್ತಿ ಆಗ ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು, ಬರಲಾಗಲಿಲ್ಲ. ಮಗಳು ಅಳಿಯ ಇರುವುದು ಪರೇಲಿನ ಒಂದೇ ಕೋಣೆಯ ಫ್ಲ್ಯಾಟಿನಲ್ಲಿ. ಹಾಗಾಗಿ ಬೀಗಿತ್ತಿಯ ಬಿಡಾರ ಗೋರೆಗಾಂವಿನ ನಮ್ಮ ಮನೆಯಲ್ಲೇ ಎಂದು ನಾನೇ ಹಟ ಹಿಡಿದು ಗೊತ್ತುಮಾಡಿದೆ. ಹಟಕ್ಕೆ ಕಾರಣವಿತ್ತು. ಬರುವ ಬೇಸಿಗೆಗೆ ಅಳಿಯ ತನ್ನ ಊರಿಗೆ ಹಿಂತಿರುಗುವವನು, ಜೊತೆಗೆ ನನ್ನ ಮಗಳೂ. ಬೇರೆ ಮನೆ ಸಿಗುವ ತನಕ ಇವರ ಮನೆಯಲ್ಲೇ ಇರಬೇಕು. ನಾಳೆ ನನ್ನ ಮಗಳ ತಟ್ಟೆಗೆ ಬಡಿಸುವ ಕೈ ಇವರದು. ಇವರು ನಮ್ಮ ಮನೆಯಿಂದ ಸಂತೋಷವಾಗಿ ಹೋಗದಿದ್ದರೆ ನನಗೆ ಆಮೇಲೆ ಒಂದು ದಿನವೂ ನೆಮ್ಮದಿಯಿಲ್ಲ. ಇಷ್ಟೇ ನನ್ನ ಲೆಕ್ಕಾಚಾರ, ಇದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಬೀಗರ ಕೈಯಿಂದ ದುಡ್ಡು ಬಿಚ್ಚಿಸಬಾರದು ಎನ್ನುವುದು ನಾನು ಹಾಲಿನ ಜೊತೆ ಕುಡಿದ ಪಾಠ. ಮೈಸೂರಿನಲ್ಲಿ ನಮ್ಮಮ್ಮ ಬೀಗರು ಬಂದರೆ ಅವರ ಚಪ್ಪಲಿಯನ್ನೇ ಬಚ್ಚಿಡುತ್ತಿದ್ದಳು, ಹೇಳದೆ ಕೇಳದೆ ಅಂಗಡಿಗೆ ಹೋಗಿ ಹಣ್ಣುಗಿಣ್ಣು ತಂದುಬಿಟ್ಟಾರು ಎಂದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅವಳು ದಿನಕ್ಕೊಮ್ಮೆ ಹೇಳುತ್ತಿದ್ದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿ, ಬೀಗಿತ್ತಿ ನಮ್ಮ ಬೀದಿಯಲ್ಲಿ ನಿಂತು ತಮ್ಮ ಬಾಳೆಹಣ್ಣಿಗೆ ತಾವೇ ದುಡ್ಡು ಕೊಡುವುದನ್ನು ನೋಡಿಕೊಂಡಿರಲೇ?

ಅವರಿಗೋ ದುಡ್ಡು ಕೊಡುವುದೇ ಒಂದು ಸಂಭ್ರಮ. ಅದರಲ್ಲೂ ಅಂಗಡಿಗಳಲ್ಲಿ ಇಟ್ಟಿರುತ್ತಾರಲ್ಲ, ಹಣ ಬಂದೊಡನೆ ಹಿಂದಿಯಲ್ಲಿ ಕೂಗಿ ಹೇಳುವ ಪುಟ್ಟ ಡಬ್ಬಿ, ಅದರ ಮೇಲೆ ಪ್ರಾಣ. ಮೊದಲ ದಿನ ಮಗಳ ಜೊತೆ ಪರೇಲಿನಲ್ಲಿ ಸುತ್ತಾಡಿ ಬಂದವರು ಸೋಫಾದ ಮೇಲೆ ಕೂತು, "ಪಚಾಸ್ ರುಪಯೇ ಪ್ರಾಪ್ತ ಹುಏ" ಎಂದು ಡಬ್ಬಿಯ ಧ್ವನಿಯಲ್ಲೇ ಹೇಳಿ ತೋರಿಸಿದರು. ಅವರು ಕಲಿತ ಮೊದಲ ಹಿಂದಿ ಅದು. ಎರಡನೆಯ ಕಲಿಕೆ ಕನ್ನಡದ್ದು. ನನ್ನನ್ನು ಏನೆಂದು ಕರೆಯಬೇಕು ಎಂದು ಕೇಳಿದಾಗ ಮಗಳು "ಬೀಗಿತಿ" ಅಂದಳು. ಮುಂಬಯಿಯಲ್ಲಿ ಬೆಳೆದವಳ ನಾಲಿಗೆ, ಒತ್ತು ಅಂದರೆ ಅವಳಿಗೆ ಆಗುವುದಿಲ್ಲ. ನಾನು ತಿದ್ದಿ "ಬೀಗಿತ್ತಿ" ಎಂದೆ. ಫಿನ್‌ಲ್ಯಾಂಡಿನವರ ಭಾಷೆಯಲ್ಲೂ ದೀರ್ಘ, ಒತ್ತು ಎಲ್ಲ ಇವೆಯಂತೆ. ಅವರ ಬಾಯಲ್ಲಿ "ಬೀಗಿತ್ತಿ" ಎಂಬುದು ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವರಂತೆ ಬಂತು. ಆ ಕ್ಷಣದಲ್ಲೇ ನಾನು ಅವರನ್ನು ಮೆಚ್ಚಿಕೊಂಡುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಮೆಚ್ಚಿದ್ದು ಬೇರೆ, ಪದ್ಧತಿ ಬೇರೆ. ಮಾರನೆಯ ದಿನವೇ ನಾನು ಚೀಲ ಹಿಡಿದು ನಮ್ಮ ಗಲ್ಲಿಯ ಅಂಗಡಿಗಳಿಗೆ ಒಂದು ಸುತ್ತು ಹಾಕಿ ಬಂದೆ. ಕಿರಾಣಿಯವನಿಗೆ, ಎಳನೀರಿನವನಿಗೆ, ಹಣ್ಣಿನವಳಿಗೆ ಒಂದೇ ಮಾತು: ಉದ್ದಗೆ, ಬೆಳ್ಳಗೆ, ಹ್ಯಾಟು ಹಾಕಿಕೊಂಡ ಒಬ್ಬರು ಬರುತ್ತಾರೆ, ನಮ್ಮ ಬೀಗರು, ಕೇಳಿದ್ದು ಕೊಡಿ, ಪೈಸೆ ಮುಟ್ಟಬೇಡಿ, ಸಂಜೆ ನಾನು ಬಂದು ಕೊಡುತ್ತೇನೆ. ಅವರು ಫೋನು ಚಾಚಿದರೆ ಏನು ಹೇಳುವುದು ಎಂದು ಕಿರಾಣಿಯವನು ಕೇಳಿದ. ಸರ್ವರ್ ಡೌನ್ ಎಂದು ಹೇಳು ಅಂದೆ. ಮೂಲೆಯ ಹೋಟೆಲಿನ ಗಲ್ಲಾದಲ್ಲಿ ಕೂರುವ ಉಡುಪಿ ಕಡೆಯ ಯಜಮಾನರು ಮಾತ್ರ ಸ್ವಲ್ಪ ಅನುಮಾನಿಸಿದರು.

"ಅಲ್ಲ ಮಾರಾಯ್ರೆ, ಒಬ್ಬರ ಹತ್ರ ಮೆಷಿನ್ ಹಾಳು ಅಂತ ಹೇಳುದು, ಇನ್ನೊಬ್ಬರ ಹತ್ರ ತಗೊಳ್ಳುದು, ಅದು ಹೇಗೆ ಆಗ್ತದೆ?"

"ನಿಮ್ಮ ಬೀಗರು ಬಂದರೆ ನೀವು ಬಿಲ್ ಕೊಡ್ತೀರಾ?" ಎಂದೆ.

"ಹಾಗೆ ಕೇಳಿದ್ರೆ ಮುಗೀತು. ಆಯ್ತಮ್ಮ, ಹಾಳು ಅಂತಲೇ ಹೇಳುವ," ಎಂದರು.

ವ್ಯವಸ್ಥೆ ಗಡಿಯಾರದಂತೆ ನಡೆಯಿತು. ಬೀಗಿತ್ತಿ ಬೆಳಗ್ಗೆ ವಾಕಿಂಗ್ ಹೋಗಿ ಪಪ್ಪಾಯಿ ತರುವರು, ಮುಖ ಸಣ್ಣದು ಮಾಡಿಕೊಂಡು ಬರುವರು. "ಹಣ ಹೋಗಲಿಲ್ಲ. ಆದರೂ ಹಣ್ಣು ಕೊಟ್ಟರು. ಯಾಕೆ ಕೊಟ್ಟರು?" ನಮ್ಮ ಕಡೆಯ ಜನ ಒಳ್ಳೆಯವರು ಎಂದು ನಾನು ಹೇಳುವೆ. ನಮ್ಮ ಯಜಮಾನರು ಪೇಪರಿನ ಹಿಂದೆ ಕೆಮ್ಮುವರು. ಪಾಪ, ಬೀಗಿತ್ತಿ ಫೋನನ್ನು ಆರಿಸಿ ಹಚ್ಚಿದರು, ಆ್ಯಪನ್ನು ತೆಗೆದು ಮತ್ತೆ ಹಾಕಿದರು, ಅಳಿಯನ ಕೈಲಿ ತೋರಿಸಿದರು, ಸಹಾಯವಾಣಿಗೆ ಫೋನು ಮಾಡಿ ಸಂಗೀತ ಕೇಳುತ್ತಾ ಕೂತರು. ಅಳಿಯ ನೋಡಿ, ಎಲ್ಲ ಸರಿಯಿದೆಯಲ್ಲ ಎಂದು ತಲೆ ಕೆರೆದುಕೊಂಡ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ನನಗೆ ಹುಳ್ಳಗೆಯೂ ಆಗಲಿಲ್ಲ, ಅಷ್ಟು ಹೆಮ್ಮೆಯಲ್ಲಿದ್ದೆ.

ಒಂದು ವಿಷಯ ನನ್ನ ಗಮನಕ್ಕೆ ಬರಲಿಲ್ಲ. ಬೀಗಿತ್ತಿ ನಿವೃತ್ತಿಯಾಗುವ ತನಕ ತಮ್ಮ ಊರಿನ ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಲೋಕಲ್ ರೈಲಿನಲ್ಲಿ ಹೋಗುವಾಗ, ಇಲ್ಲಿ ಟಿಕೆಟಿಲ್ಲದೆ ಓಡಾಡುವವರಿಗೆ "ವಿದೌಟ್" ಎನ್ನುತ್ತಾರೆ ಎಂದು ನಮ್ಮ ಯಜಮಾನರು ಹೇಳಿಕೊಟ್ಟಾಗ ಅವರು ಬಿದ್ದು ಬಿದ್ದು ನಕ್ಕಿದ್ದರು. ಅಂಥವರನ್ನು ಹಿಡಿಯುವುದೇ ಅವರ ಜೀವನವಾಗಿತ್ತು. ಸುಳ್ಳು ಹೇಳುವವರ ಮುಖ ಅವರಿಗೆ ಮೈಲಿ ದೂರದಿಂದ ಗೊತ್ತಾಗುತ್ತದೆ ಎಂದು ಅಳಿಯ ಆಮೇಲೆ ಹೇಳಿದ. ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ.

ಅವರು ಸದ್ದಿಲ್ಲದೆ ತಪಾಸಣೆ ನಡೆಸಿದರು. ಪರೇಲಿನಲ್ಲಿ ಆ್ಯಪ್ ನಡೆಯುತ್ತದೆ. ಸ್ಟೇಷನ್ನಿನ ಮುಂದಿನ ಅಂಗಡಿಯಲ್ಲಿ ನಡೆಯುತ್ತದೆ. ನಮ್ಮ ಗಲ್ಲಿಗೆ ತಿರುಗಿದೊಡನೆ ಕೆಡುತ್ತದೆ. ಒಂದು ಸಂಜೆ ನನ್ನನ್ನೂ ಕರೆದುಕೊಂಡು ಮೂಲೆಯ ಹೋಟೆಲಿಗೆ ಬಂದರು. ಕಾಫಿ ಕುಡಿದರು. ಗಲ್ಲಾದ ಮುಂದೆ ಹೋಗಿ ಫೋನು ಚಾಚಿದರು. ಯಜಮಾನರು ನನ್ನ ಕಡೆ ನೋಡಿ, ನೆಲದ ಕಡೆ ನೋಡಿ, "ಮೆಷಿನ್ ಖರಾಬ್" ಎಂದರು. ಆ ಮಾತು ಮುಗಿಯಿತೋ ಇಲ್ಲವೋ, ಪಕ್ಕದಲ್ಲಿ ಯಾವನೋ ಪುಣ್ಯಾತ್ಮ ತನ್ನ ಎರಡು ಪ್ಲೇಟ್ ಇಡ್ಲಿಯ ಹಣ ಕೊಟ್ಟ. ಗಲ್ಲಾದ ಮೇಲಿದ್ದ ಡಬ್ಬಿ ಇಡೀ ಹೋಟೆಲಿಗೆ ಕೇಳುವಂತೆ ಪ್ರಾಪ್ತ ಹುಏ ಎಂದು ಕೂಗಿಕೊಂಡಿತು.

ಬೀಗಿತ್ತಿಯ ಕಿವಿ ಕೆಂಪಾಯಿತು. ಹೋಟೆಲಿನ ಯಜಮಾನರು "ನಾನು ಹೇಳ್ಲಿಲ್ವ ಅಮ್ಮ" ಎಂದು ಕನ್ನಡದಲ್ಲಿ ಗೊಣಗಿದರು. ಅವರು ಗೊಣಗಿದ್ದನ್ನು ಬೀಗಿತ್ತಿಗೆ ಯಾರೂ ಅನುವಾದಿಸಬೇಕಾಗಲಿಲ್ಲ.

ಮನೆಗೆ ಬಂದ ಮೇಲೆ ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಪರೇಲಿನಿಂದ ಮಗಳ ಫೋನು ಬಂತು. "ಅಮ್ಮ, ಏನ್ ಕಿಯಾ ತುಮ್ನೆ? ಅವ್ರು ವಿಲೆ ಪಾರ್ಲೆಲಿ ಹೋಟೆಲ್ ಬುಕ್ ಮಾಡಿದಾರೆ. ಸೋಮವಾರದಿಂದ ಅಲ್ಲೇ ಇರ್ತಾರಂತೆ. ನಿಮ್ಮನೇಲಿ ಚಿಕ್ಕ ಮಗು ಥರ ಫೀಲ್ ಆಗುತ್ತೆ ಅಂತಿದಾರೆ. ನಾನ್ ಅವ್ರ ಮನೇಲಿ ಹೋಗಿ ಇರಬೇಕು ಅಮ್ಮ, ಯಾದ್ ಹೈ ನಾ?" ಅವಳ ಮೂರು ಭಾಷೆಯ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆವತ್ತು ಕೋಪವೂ ಬರಲಿಲ್ಲ. ಸಂತೋಷವಾಗಿ ಕಳಿಸಬೇಕು ಎಂದುಕೊಂಡವರನ್ನು ನಾನೇ ಕೈಯಾರೆ ಓಡಿಸಿದ್ದೆ. ಆದರೂ ತಪ್ಪು ನನ್ನದು ಎಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಅತಿಥಿಗೆ ಊಟ ಹಾಕಿದ್ದು ತಪ್ಪೇ? ನಮ್ಮ ಯಜಮಾನರನ್ನು ಕೇಳಿದೆ. "ಊಟ ಹಾಕಿದ್ದು ತಪ್ಪಲ್ಲ, ಊರಿನ ಸರ್ವರನ್ನೆಲ್ಲ ಮಲಗಿಸಿದ್ದು ಸ್ವಲ್ಪ ಜಾಸ್ತಿಯಾಯ್ತು," ಅಂದರು.

ಸೋಮವಾರಕ್ಕೆ ಮೊದಲು ಭಾನುವಾರ ಬಂತು. ಆವತ್ತು ನಮ್ಮ ಹೌಸಿಂಗ್ ಸೊಸೈಟಿಯ ಮಹಿಳಾ ಮಂಡಳದ ಆನಂದ ಮೇಳ. ಹೆಂಗಸರೆಲ್ಲ ಅಂಗಳದಲ್ಲಿ ಮೇಜು ಹಾಕಿಕೊಂಡು ಮನೆಯಲ್ಲಿ ಮಾಡಿದ ತಿಂಡಿ ಮಾರುವುದು, ಬಂದ ಹಣದಲ್ಲಿ ಕಟ್ಟಡದ ಹಿಂದಿನ ಬೆಂಚು ರಿಪೇರಿ. ನನ್ನದು ಪ್ರತಿ ವರ್ಷದಂತೆ ಬಿಸಿಬೇಳೆಬಾತು. ನನ್ನ ಬಾತಿಗೆ ಗೋರೆಗಾಂವಿನಲ್ಲಿ ಹೆಸರಿದೆ. ಇದು ನಾನೇ ಹೇಳಿಕೊಳ್ಳುತ್ತಿರುವುದಾದರೂ ನಿಜ. ಪಕ್ಕದ ಮೇಜು ನಾಲ್ಕನೆಯ ಮಹಡಿಯ ವಿಜಯಪುರದ ಹೆಂಗಸಿನದು. ಅವಳ ಗಂಡ ಕಟ್ಟಡದ ಕಂಟ್ರಾಕ್ಟರು, ಇವಳು ಇಡೀ ಸೊಸೈಟಿಯ ಕಂಟ್ರಾಕ್ಟರು. ಆವತ್ತು ಅವಳು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪೇರಿಸಿಕೊಂಡು ಕೂತಿದ್ದಳು. ಪ್ರತಿ ಮೇಜಿನ ಮೇಲೂ ಮಂಡಳದ ಹೆಸರಿನ ಸ್ಕ್ಯಾನರು, ಎರಡು ಮೇಜಿಗೆ ಒಂದರಂತೆ ಮಾತಾಡುವ ಡಬ್ಬಿ.

ನಾನು ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಬೀಗಿತ್ತಿ, ಹ್ಯಾಟು ಹಾಕಿಕೊಂಡು, ಫೋನು ಹಿಡಿದುಕೊಂಡು. ಮೂಲೆಯ ಹೋಟೆಲಿನ ಪ್ರಸಂಗವಾದ ಮೇಲೆ ನಾವಿಬ್ಬರೂ ಆಡಿದ ಮಾತು ಅಷ್ಟಕ್ಕಷ್ಟೆ.

"ಒಂದು ಪ್ಲೇಟ್," ಎಂದರು.

ತುಪ್ಪ ಹಾಕಿ, ಖಾರಾಬೂಂದಿ ಉದುರಿಸಿ ಕೊಟ್ಟೆ. ಅವರು ಫೋನನ್ನು ಸ್ಕ್ಯಾನರಿನ ಮೇಲೆ ಹಿಡಿದರು. ನಾನು ಸ್ಕ್ಯಾನರಿನ ಮೇಲೆ ಅಂಗೈ ಮುಚ್ಚಿದೆ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು.

"ಕೈ ತೆಗೆಯಿರಿ. ಇವತ್ತು ನೀವು ಅಂಗಡಿ," ಎಂದರು ಬೀಗಿತ್ತಿ.

"ಅಂಗಡಿಯಾದರೇನು, ನಾನು ನಿಮ್ಮಿಂದ ತೆಗೆದುಕೊಳ್ಳುವುದಿಲ್ಲ."

ಅವರು ಕದಲಲಿಲ್ಲ. ನಾನೂ ಕೈ ತೆಗೆಯಲಿಲ್ಲ. ಹಿಂದೆ ಇನ್ನಿಬ್ಬರು ಬಂದು ನಿಂತರು. ಆಗ ಪಕ್ಕದ ಮೇಜಿನಿಂದ ವಿಜಯಪುರದ ಸಿಡಿಲು ಬಂತು.

"ಏನ್ರೀ ಅಕ್ಕಾರ, ಏನ್ ನಡಿಸೀರಿ? ಬೋಣಿ ಟೈಮಿಗೆ ಗಿರಾಕಿಗಿ ಪುಕ್ಕಟೆ ಕೊಡ್ತಾರೇನ್ರಿ ಯಾರರೆ? ಇವತ್ತ ಇಡೀ ದಿನಾ ಪುಕ್ಕಟೆನ ಹೋಗ್ತದ ನೋಡ್ರಿ ನಿಮ್ಮ ಬಾತು. ನಿಮ್ದ ಹೋಗವಲ್ತ್ಯಾಕ, ಬಾಜೂಕ ನಂದೂ ಹೋಗ್ತದ!"

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿಯನ್ನು ಹಿಂದಕ್ಕೆ ಕಳಿಸಬಾರದು, ಸಾಲ ಹೇಳಬಾರದು, ಬಿಟ್ಟಿ ಕೊಡಬಾರದು. ಬಂದ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಬೇಕು. ಇದೂ ನಾನು ಹಾಲಿನ ಜೊತೆಯೇ ಕುಡಿದದ್ದು. ಬೀಗರ ದುಡ್ಡು ಮುಟ್ಟಬಾರದು, ಬೋಣಿಯ ದುಡ್ಡು ಬಿಡಬಾರದು. ಎರಡು ಶಾಸ್ತ್ರಗಳು ನನ್ನ ಬಿಸಿಬೇಳೆಬಾತಿನ ಪಾತ್ರೆಯ ಮೇಲೆ ಬಂದು ಡಿಕ್ಕಿ ಹೊಡೆದುಕೊಂಡವು. ಹೀಗೂ ಆಗಬಹುದೆಂದು ನಮ್ಮಮ್ಮ ಹೇಳಿಕೊಟ್ಟಿರಲಿಲ್ಲ.

ಕೈ ತೆಗೆದೆ. ಬೀಗಿತ್ತಿ ಸ್ಕ್ಯಾನ್ ಮಾಡಿದರು. ಡಬ್ಬಿ ಕೂಗಿತು. ಅವರ ಮುಖ ಅರಳಿತು.

"ಕಣ್ಣಿಗಿ ಒತ್ಕೋರಿ," ಎಂದಳು ವಿಜಯಪುರದವಳು.

"ಏನನ್ನ ಒತ್ತಿಕೊಳ್ಳಲಿ? ಕೈಗೆ ಏನೂ ಬರಲಿಲ್ಲವಲ್ಲ."

"ಫೋನ್ ಒತ್ಕೋರಿ. ರೊಕ್ಕ ಅದರಾಗಿಂದನ ಬಂದದ ಇಲ್ಲೋ?"

ನಾನು ಬೀಗಿತ್ತಿಯ ಕೈಯಿಂದ ಫೋನು ಕಿತ್ತುಕೊಂಡೆ. ಈಗ ಇವಳು ಫೋನನ್ನೂ ವಶಪಡಿಸಿಕೊಂಡಳು ಎಂದುಕೊಂಡು ಅವರು ಹೌಹಾರಿದರು. ನಾನು ಅದನ್ನು ಎಡಗಣ್ಣಿಗೂ ಬಲಗಣ್ಣಿಗೂ ಒತ್ತಿಕೊಂಡು ವಾಪಸು ಕೊಟ್ಟೆ. ಅವರು ಫೋನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, ತಟ್ಟೆ ಎತ್ತಿಕೊಂಡು ಹೋಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು.

ಎರಡು ಚಮಚ ತಿಂದಿರಬೇಕು, ತಟ್ಟೆ ಸಮೇತ ಹಿಂತಿರುಗಿ ಬಂದರು.

"ಬೀಗಿತ್ತಿ, ಇದು ಅತಿಯಾಗಿ ಬೆಂದಿದೆ. ಗಂಜಿಯಾಗಿದೆ."

ಗೋರೆಗಾಂವಿನಲ್ಲಿ ಹೆಸರಿರುವ ಬಾತಿಗೆ, ಸಾಲು ನಿಂತವರ ಎದುರಿಗೆ! "ಅದು ಹಾಗೇ ಇರಬೇಕು!" ಎಂದೆ.

"ಉಪ್ಪಿಟ್ಟು ಮೆತ್ತಗೆ. ಇಡ್ಲಿ ಮೆತ್ತಗೆ. ಪೊಂಗಲ್ ಮೆತ್ತಗೆ. ಮೊಸರನ್ನ ಎಲ್ಲಕ್ಕಿಂತ ಮೆತ್ತಗೆ. ಬಂದಾಗಿನಿಂದ ನಾನು ಒಂದು ಸಲವೂ ಏನನ್ನೂ ಅಗಿದಿಲ್ಲ. ನನಗೆ ಹಲ್ಲಿದೆ, ಬೀಗಿತ್ತಿ. ಎಲ್ಲವೂ ಸ್ವಂತದ್ದು." ಅಷ್ಟಕ್ಕೇ ನಿಲ್ಲಿಸದೆ ಬಾಯಿ ತೆರೆದು ತೋರಿಸಿದರು.

"ಮತ್ತೆ ಇಷ್ಟು ದಿನ ವೆರಿ ನೈಸ್, ವೆರಿ ನೈಸ್ ಅಂದಿರಲ್ಲ?"

"ಬಿಟ್ಟಿ ಊಟ ಹಾಕಿದವರಿಗೆ ಬೇರೇನು ಹೇಳಲಿ? ನಿಮ್ಮ ಮನೆಯಲ್ಲಿ ನಾನು ವಿದೌಟ್. ವಿದೌಟ್ ಪ್ರಯಾಣಿಕ ಸೀಟು ಗಟ್ಟಿ ಎಂದು ದೂರು ಹೇಳುತ್ತಾನೆಯೇ? ಇವತ್ತು ಟಿಕೆಟ್ ತೆಗೆದುಕೊಂಡಿದ್ದೇನೆ, ಹೇಳುತ್ತೇನೆ."

ಹೇಳಿದರು ನೋಡಿ. ಬೆಳಗ್ಗೆ ಕೋಳಿ ಕೂಗುವ ಮೊದಲೇ ಕಾಫಿ ಎಂದು ಬಾಗಿಲು ಬಡಿಯುತ್ತೀರಿ. ಬೇಡ ಅಂದರೂ ಬಡಿಸುತ್ತೀರಿ. ನಾನು ಸ್ನಾನದ ಮನೆಗೆ ಹೋದರೆ ಹೊರಗೆ ನಿಂತು ಬಿಸಿನೀರು ಸಾಕೇ ಎಂದು ಕೂಗುತ್ತೀರಿ. ನನಗೂ ಬಾಯಿದೆಯಲ್ಲ, ನಾನೂ ಬಿಡಲಿಲ್ಲ. ನೀವು ಉಂಡ ತಟ್ಟೆಯನ್ನು ನೀವೇ ತೊಳೆದಿಟ್ಟು ನನ್ನ ಮಾನ ಕಳೆಯುತ್ತೀರಿ. ಇಡೀ ದಿನ ಮೌನವ್ರತ, ಮನೆಯಲ್ಲಿ ಸನ್ಯಾಸಿಗಳು ಇಳಿದುಕೊಂಡ ಹಾಗಿರುತ್ತದೆ. ನಾನು ಇಷ್ಟು ಮಾತಾಡುವುದು ನಿಮ್ಮ ಪಾಲಿನದನ್ನೂ ಸೇರಿಸಿ! ನಮ್ಮ ಸುತ್ತ ಜನ ಸೇರಿದರು. ಬಾತು ಖಾಲಿಯಾಗುತ್ತಾ ಬಂತು. ಜಗಳ ನೋಡುತ್ತಾ ತಿನ್ನುವುದಕ್ಕೆ ಅದಕ್ಕಿಂತ ಅನುಕೂಲದ ತಿಂಡಿ ಬೇರೊಂದಿಲ್ಲ.

ವಿಜಯಪುರದವಳು ನಡುವೆ ಬಂದು ಬೀಗಿತ್ತಿಯ ಕೈಗೆ ಒಂದು ಖಡಕ್ ರೊಟ್ಟಿ ಕೊಟ್ಟಳು. ಅವರು ಕಚ್ಚಿದರು. ಕಟಮ್ ಎಂದ ಸದ್ದು ನನ್ನವರೆಗೂ ಕೇಳಿಸಿತು. ಅವರು ಕಣ್ಣು ಮುಚ್ಚಿಕೊಂಡು ಅಗಿದರು, ಮತ್ತೆ ಕಚ್ಚಿದರು. ತಮ್ಮ ಊರಿನಲ್ಲೂ ಹೀಗೇ ರಾಗಿಯಂಥ ಒಂದು ಕಪ್ಪು ಧಾನ್ಯದ ರೊಟ್ಟಿ ಮಾಡಿ ಒಣಗಿಸಿಡುತ್ತಾರೆ, ತಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಕೋಲಿಗೆ ಪೋಣಿಸಿ ತೂಗುಹಾಕಿರುತ್ತಿದ್ದರು ಎಂದರು. ಅದಕ್ಕೂ ಹಣ ಕೊಟ್ಟು, ಒಂದು ಕಟ್ಟು ಪ್ರತ್ಯೇಕವಾಗಿ ಕೊಂಡರು. ನನಗೆ ಹೊಟ್ಟೆ ಉರಿಯಿತು. ನಾನು ತುಪ್ಪ ಸುರಿದು ಸುರಿದು ಗಳಿಸಲಾಗದ್ದನ್ನು ಇವಳು ಒಂದು ಒಣರೊಟ್ಟಿಯಲ್ಲಿ ಗಳಿಸಿಬಿಟ್ಟಳಲ್ಲ!

ಮೇಳ ಮುಗಿದು ಮೇಜು ಒರೆಸುವಾಗ ಬೀಗಿತ್ತಿ ಕೇಳದೆಯೇ ಬಟ್ಟೆ ತೆಗೆದುಕೊಂಡು ಇನ್ನೊಂದು ತುದಿಯಿಂದ ಒರೆಸತೊಡಗಿದರು. ನಾನು ಬೇಡ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ವಿಲೆ ಪಾರ್ಲೆಯ ಹೋಟೆಲ್ ಬುಕಿಂಗ್ ರದ್ದು ಮಾಡಿ ಎಂದು ಕೇಳಿದೆ. ಹಣ ವಾಪಸು ಬರುವುದಿಲ್ಲ, ಕೊಂಡ ಟಿಕೆಟನ್ನು ಹಾಳುಮಾಡುವ ಅಭ್ಯಾಸ ತಮಗಿಲ್ಲ ಎಂದರು. ಆಮೇಲೆ, ಸ್ವಲ್ಪ ಯೋಚಿಸಿ: "ಕೋಣೆ ಇಬ್ಬರದು. ತಿಂಡಿ ಸೇರಿದೆ. ನೀವೂ ಬನ್ನಿ. ನನ್ನ ಅತಿಥಿ."

ಹೋಗದಿದ್ದರೆ ಮತ್ತೆ ಮುನಿಸು. ಸೀರೆ ಜೋಡಿಸಿಕೊಂಡೆ. "ಹೋಗಿ ಬಾ, ನಾನೂ ಎರಡು ದಿನ ಮೇಲಿನವರ ರೊಟ್ಟಿ ತಿಂದುಕೊಂಡು ಹಲ್ಲಿಗೆ ಕೆಲಸ ಕೊಡುತ್ತೇನೆ," ಎಂದು ನಮ್ಮ ಯಜಮಾನರು ಬೀಳ್ಕೊಟ್ಟರು.

ವಿಲೆ ಪಾರ್ಲೆ ನಮ್ಮ ಮನೆಯಿಂದ ಲೋಕಲಿನಲ್ಲಿ ಕೆಲವೇ ಸ್ಟೇಷನ್. ಆದರೂ ಆ ಕೋಣೆಯಲ್ಲಿ ನಾನು ಪರದೇಶದಲ್ಲಿದ್ದೆ. ದಿಂಬು ಎತ್ತರವಾಗಿತ್ತು, ಹೇಳಲಿಲ್ಲ. ಏಸಿ ಚಳಿ ಹಿಡಿಸಿತು, ಸೆರಗು ಹೊದ್ದುಕೊಂಡೆ. ಯಾವುದಕ್ಕೂ ನಾನು ಹಣ ಕೊಟ್ಟಿರಲಿಲ್ಲ, ಯಾವುದನ್ನೂ ಕೇಳಲು ನಾಲಿಗೆ ಏಳಲಿಲ್ಲ. ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಕಾಫಿ ತಂದಿಟ್ಟರು. ಒಂದು ಗುಟುಕು ಕುಡಿದೆ. ಬೀಗಿತ್ತಿ "ಹೇಗಿದೆ?" ಎಂದು ಕೇಳಿದರು.

"ವೆರಿ ನೈಸ್," ಎಂದೆ.

ಅಂದ ಮೇಲೆ ನನಗೇ ಕೇಳಿಸಿತು. ಬೀಗಿತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು; ಅವರ ಟ್ರಾಮಿನಲ್ಲಿ ಸಿಕ್ಕಿಬಿದ್ದವರನ್ನು ಹಾಗೇ ನೋಡುತ್ತಿದ್ದರೋ ಏನೋ.

"ನಿಜ ಹೇಳಿ."

"ಇದು ಕಾಫಿಯಲ್ಲ, ಪಾತ್ರೆ ತೊಳೆದ ನೀರು!" ಎಂದೆ. ಹೇಳಿದೊಡನೆ ಎದೆ ಹಗುರಾಯಿತು. ಇಬ್ಬರೂ ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕೆವು. ಕನ್ನಡದಲ್ಲಿ ಇದಕ್ಕೆ ಹಂಗು ಎನ್ನುತ್ತಾರೆ, ಇನ್ನೊಬ್ಬರ ಅನ್ನ ತಿಂದವರ ಬಾಯಿ ಕಟ್ಟಿಹಾಕುವುದು ಅದೇ ಎಂದು ವಿವರಿಸಿದೆ. "ಹಂಗು," ಎಂದು ಅವರು ಒಂದೆರಡು ಸಲ ಹೇಳಿ ನೋಡಿದರು.

ಆಮೇಲೆ ಬೀಗಿತ್ತಿ ಕಪ್ಪನ್ನು ತಿರುಗಿಸುತ್ತಾ ಮೆಲ್ಲಗೆ ಹೇಳಿದರು: "ನಿಮ್ಮ ಮಗಳಿಗೆ ಕೋಣೆ ಸಿದ್ಧ ಮಾಡಿದ್ದೇನೆ. ಒಂದು ದಿನ ಅವಳ ಅಡುಗೆ, ಒಂದು ದಿನ ನನ್ನದು ಎಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಮನಸ್ಸು ಬದಲಾಯಿಸಿದೆ. ನನಗೆ ಹಿಡಿಸದಿರಬಹುದು, ಆದರೆ ಅವಳು ಬೆಳೆದಿರುವುದು ಇಂಥ ಉಪಚಾರದಲ್ಲಿ ಅಲ್ಲವೇ. ಅವಳು ಒಂದು ಲೋಟ ಎತ್ತಬೇಕಾಗಿಲ್ಲ. ಯಾವುದಕ್ಕೂ ಹಣ ಕೊಡಬೇಕಾಗಿಲ್ಲ. ನೀವು ನನ್ನನ್ನು ನೋಡಿಕೊಂಡ ಹಾಗೇ ಅವಳನ್ನು ನೋಡಿಕೊಳ್ಳುತ್ತೇನೆ."

ಯಾವ ತಾಯಿಯಾದರೂ ಕೇಳಲು ಕಾಯುವ ಮಾತು. ಆದರೆ ದೋಸೆ ಆರಿದೆ ಎಂದು ತಟ್ಟೆ ನೂಕಿ ಶಾಲೆಗೆ ಹೋಗುತ್ತಿದ್ದ ಹುಡುಗಿ, ನನ್ನ ಮುಖಕ್ಕೆ ಹೊಡೆದಂತೆ ಮೂರು ಭಾಷೆಯಲ್ಲಿ ಬಯ್ಯುವವಳು, ಆ ಹಿಮದ ಮನೆಯ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಬೆಳಗ್ಗೆ ಸಂಜೆ "ವೆರಿ ನೈಸ್, ವೆರಿ ನೈಸ್" ಎನ್ನುವುದು ಕಣ್ಣಿಗೆ ಕಟ್ಟಿದಂತೆ ಕಂಡಿತು.

ನಮ್ಮಲ್ಲಿ ಮದುವೆಯ ಕೊನೆಗೆ ಹೆಣ್ಣೊಪ್ಪಿಸುವ ಶಾಸ್ತ್ರ ಎಂದಿದೆ. ತಾಯಿ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು, ಏನೂ ಅರಿಯದವಳು, ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕಣ್ಣೀರಿಡಬೇಕು. ರಿಜಿಸ್ಟ್ರಾರ್ ಕಚೇರಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಆವತ್ತು ಆ ಮೇಜಿನ ಮೇಲೆ, ಬೆಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ನಾನು ಬೀಗಿತ್ತಿಯ ಕೈ ಹಿಡಿದುಕೊಂಡೆ.

"ಬೇಡ," ಎಂದೆ. "ಅವಳ ಕೈಲಿ ಪಾತ್ರೆ ತೊಳೆಸಿ. ಮನೆ ಸಾಮಾನಿಗೆ ಅವಳೂ ದುಡ್ಡು ಹಾಕಲಿ. ಅವಳಿಗೆ ಬೇಡವಾದದ್ದನ್ನು ಬಡಿಸಬೇಡಿ. ನಿಮ್ಮ ಅಡುಗೆ ಸರಿಯಿಲ್ಲ ಎಂದು ಅವಳು ಬಾಯಿ ಬಿಟ್ಟು ಹೇಳುವ ತನಕ ಬಿಡಬೇಡಿ."

ಬೀಗಿತ್ತಿ ನನ್ನ ಕಣ್ಣೀರನ್ನು ನೋಡಿ ಗಾಬರಿಯಾದರು. "ಹೇಳಿದರೆ ನಾನು ಸುಮ್ಮನಿರುವವಳಲ್ಲ. ಜಗಳವಾಗುತ್ತದೆ," ಎಂದರು.

"ಆಗಲಿ. ಆದ ದಿನ ನನಗೊಂದು ಫೋನು ಮಾಡಿ," ಎಂದೆ. "ನನ್ನ ಮಗಳು ಮನೆ ಸೇರಿದಳು ಎಂದುಕೊಳ್ಳುತ್ತೇನೆ."